ಗುಂಡಿ ನೋಡಿ ಗಂಡು ತಂದ ಮಾವ

ನಮ್ಮ ಸೋದರಮಾವ ನನಗೆ ಗಂಡು ಹುಡುಕಿದ್ದು ಹೋಟೆಲಿನ ಬಚ್ಚಲ ಗುಂಡಿಯಲ್ಲಿ! ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಬೇರೆಯವರು ಜಾತಕ ನೋಡುತ್ತಾರೆ, ಮನೆತನ ನೋಡುತ್ತಾರೆ. ನಮ್ಮ ಮಾವ ಜಿಡ್ಡು ನೋಡಿದರು.

ಮಾವ ಹಾಸನದ ಒಂದು ಹೋಟೆಲಿನಲ್ಲಿ ದೊಡ್ಡ ಅಡುಗೆಯವರು. ಅಪ್ಪ ತೀರಿಕೊಂಡ ಮೇಲೆ ಅವ್ವ ಅದೇ ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆದು ನನ್ನನ್ನು ಸಾಕಿದಳು. ತೊಳೆದ ನೀರು ಅಲ್ಲೇ ಇದ್ದ ಗುಂಡಿಗೆ ಬಿದ್ದು, ನಡುವೆ ನಿಲ್ಲಿಸಿದ ಕಲ್ಲಿನ ಅಡಿಯಿಂದ ನುಸುಳಿ ಬೀದಿಯ ಮೋರಿಗೆ ಹೋಗಬೇಕು. ಎಣ್ಣೆ, ತುಪ್ಪ, ಸಾರಿನ ಜಿಡ್ಡೆಲ್ಲ ತೇಲಿ ಗುಂಡಿಯಲ್ಲೇ ಉಳಿಯಬೇಕು. ಉಳಿದದ್ದನ್ನು ದಿನಾ ತೆಗೆಯದಿದ್ದರೆ ಗುಂಡಿ ಕಟ್ಟಿಕೊಂಡು ಹಿತ್ತಲೆಲ್ಲ ಕೆರೆ! ತೆಗೆಯುವವರು ಯಾರು? ನಮ್ಮ ಮಾವನೇ! ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಕೋಲಿಗೆ ಬಿಗಿದ ತೆಂಗಿನ ಚಿಪ್ಪಿನಿಂದ, ಹಾಲಿನ ಕೆನೆ ತೆಗೆದಷ್ಟು ಪ್ರೀತಿಯಿಂದ ತೆಗೆಯುತ್ತಿದ್ದರು. ಆಮೇಲೆ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು ಒಲೆ ಹಚ್ಚುತ್ತಿದ್ದರು.

ತೆಗೆದ ಜಿಡ್ಡನ್ನು ಎಸೆಯುವುದುಂಟೆ? ಯುದ್ಧದ ಕಾಲ, ಕೀಲೆಣ್ಣೆಗೆ ಬರ. ಗಾಡಿಯವರಿಗೆ ಅಚ್ಚಿಗೆ ಹಚ್ಚಲು ಅದನ್ನೇ ಕೊಡುತ್ತಿದ್ದರು. ಗಾಡಿಗಳು ಶಾಂತಿಗ್ರಾಮದ ಕಡೆ ಹೊರಟರೆ ಬೋಂಡದ ವಾಸನೆಗೆ ಊರ ನಾಯಿಗಳೆಲ್ಲ ಹಿಂದೆ!

"ನಾಯ್ಗಳಿಗೆ ಬೆದ್ರಿ ಎತ್ಗೋಳು ಓಡೋಯ್ತವೆ ಕಣಣ್ಣೋ" ಎಂದು ಒಬ್ಬ ಗಾಡಿಯವನು ದೂರಿದ.

"ಬಿರ್ರನೆ ಮನೆ ಸೇರ್ತೀಯಲ್ಲ, ಅದೂ ಬ್ಯಾಡ್ವೇನ್ಲಾ?" ಎಂದರು ಮಾವ.

ಪರವೂರಿಗೆ ಹೋದರೂ ಅದೇ ಹುಚ್ಚು. ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕಾಯುವಾಗ ನನ್ನನ್ನು ಒಂದು ಹೋಟೆಲಿನಲ್ಲಿ ಕಾಫಿಗೆ ಕೂರಿಸಿ ಮಾಯವಾದರು. ಹುಡುಕಿದರೆ ಹಿತ್ತಲಲ್ಲಿ ಚಪ್ಪಡಿ ಎತ್ತಿ ಗುಂಡಿಗೆ ಬಗ್ಗಿದ್ದಾರೆ! ಮಾಲೀಕ ಓಡಿಬಂದು ಕೈಮುಗಿದ.

"ಮುನಿಸಿಪಾಲ್ಟಿಯಿಂದ ಬಂದ್ರಾ ಸಾ?"

"ಇಲ್ಲ, ಬಸ್ಸಿಗೆ ಕಾಯ್ತಾ ಇವ್ನಿ. ಒಂದು ಉದ್ದನೆ ಕೋಲಿದ್ರೆ ಕೊಡ್ಸಿ."

ಬಸ್ಸು ಬಂತು, ಹೋಯಿತು. ನಾವು ಹೋಗಲಿಲ್ಲ!

ಇಂಥವರು ನನಗೆ ಗಂಡು ನೋಡಲು ಹೊರಟರು. ಮೊದಲು ಹೊಳೆನರಸೀಪುರದ ಹೋಟೆಲಿನವರ ಮನೆ. ಗೋಡೆಗೆ ನಿಲುವುಗನ್ನಡಿ, ಮೇಜಿಗೆ ಅಮೃತಶಿಲೆ, ಹುಡುಗನಿಗೆ ಕ್ರಾಪು! ಜೊತೆಗೆ ಹೋಗಿದ್ದ ಅವ್ವ ಮನಸ್ಸಿನಲ್ಲೇ ಧಾರೆ ಎರೆದುಬಿಟ್ಟಿದ್ದಳು. ಮಾವ ಹಿತ್ತಲಿಗೆ ಹೋಗಿ ಬಂದವರೇ ತಾಂಬೂಲ ಮುಟ್ಟದೆ ಚಪ್ಪಲಿ ಮೆಟ್ಟಿದರಂತೆ. "ಈ ಸಂಬಂಧ ಬ್ಯಾಡ." ಅಷ್ಟೇ! ಅವ್ವ ಬೈದಳು, ನಾನು ಎರಡು ದಿನ ಊಟ ಬಿಟ್ಟೆ. ಹದಿನೆಂಟು ದಾಟಿದ, ಅಪ್ಪನಿಲ್ಲದ ಹುಡುಗಿಗೆ ಇನ್ನೊಂದು ಸಂಬಂಧ ಎಲ್ಲಿಂದ ಬರಬೇಕು?

ಕೊನೆಗೆ ಅರಕಲಗೂಡಿನಿಂದ ಬಂತು. ಹೆಂಚಿನ ಪುಟ್ಟ ಹೋಟೆಲಂತೆ. ಈ ಸಲ ಮಾವ ಒಬ್ಬರೇ ಹೋದರು. ಸಂಜೆ ಬಂದಾಗ ಪಂಚೆಯೆಲ್ಲ ಜಿಡ್ಡು, ಮುಖದ ತುಂಬ ನಗು.

"ಗಂಡು ಸಿಕ್ತು ಕಣಕ್ಕ!"

"ನೋಡಕ್ಕೆ ಎಂಗವ್ನೆ?" ಎಂದಳು ಅವ್ವ.

"ಮಕ ಸರ್ಯಾಗಿ ಕಾಣ್ನಿಲ್ಲ. ಗುಂಡಿ ತೆಗೀತಿದ್ದ. ನಾನೂ ಒಂದು ಕೈ ಆಕ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ನಾನು ಮದ್ವೆ ಆಗ್ಬೇಕಾಗಿರೋದು ಗುಂಡೀನಾ ಮಾವ, ಗಂಡನ್ನಾ?"

ಏನು ಕೇಳಿದರೂ ತಮಾಷೆಯಾಗಿ ಉತ್ತರ ಕೊಡುವ ಮಾವ ಅವತ್ತು ನಗಲಿಲ್ಲ.

"ಗುಂಡಿ ಕಟ್ಕಂಡ್ರೆ ಆ ಗಬ್ಬು ನೀರ್ನಲ್ಲಿ ದಿನಾ ನಿಲ್ಲೋಳು ಪಾತ್ರೆ ತೊಳೆಯೋಳು ಕಣವ್ವ. ನಾನು ಅವಳ ಕಾಲು ನೋಡ್ತೀನಿ. ಹೊಳೆನರಸೀಪುರದಲ್ಲಿ ಆ ಎಣ್ಮಗಳ ಬೆರಳ ಸಂದಿಯೆಲ್ಲ ಕೊಳ್ತೋಗಿತ್ತು. ಮನೇಲಿ ಒಬ್ರೂ ನೋಡಿಲ್ಲ. ಅರಕಲಗೂಡಲ್ಲಿ ಪಾತ್ರೆ ತೊಳೆಯೋ ಮುದುಕಿ ಕಾಲು ಒಣಗಿತ್ತು. ಇನ್ನೇನು ನೋಡ್ಲಿ ನಾನು?"

ನಾನು ಅವ್ವನ ಕಾಲು ನೋಡಿದೆ. ಅಷ್ಟು ವರ್ಷ ಆ ಹಿತ್ತಲಲ್ಲಿ ನಿಂತ ಕಾಲು. ಒಂದು ಹುಣ್ಣಿಲ್ಲ, ಒಂದು ಗಾಯವಿಲ್ಲ. ಒಲೆಯ ಮುಂದೆ ದರ್ಬಾರು ಮಾಡಬೇಕಾದ ಮನುಷ್ಯ ದಿನಾ ಬೆಳಿಗ್ಗೆ ಗುಂಡಿಗೆ ಬಗ್ಗಿದ್ದು ತನ್ನ ಅಕ್ಕನಿಗಾಗಿ. ನಾನದನ್ನು ಹುಚ್ಚು ಅಂದುಕೊಂಡು ಊರಿಗೆಲ್ಲ ಹೇಳಿ ನಕ್ಕಿದ್ದೆ.

ಅರಕಲಗೂಡಿಗೆ ಹೂಂ ಅಂದೆ. ಬಗ್ಗಿ ಮಾವನ ಕಾಲು ಹಿಡಿದುಕೊಂಡೆ.

"ಏಳವ್ವ, ಏಳು! ಪಂಚೆ ತುಂಬ ಜಿಡ್ಡದೆ, ತಲೆಗೆಲ್ಲ ಅಂಟ್ಕತದೆ."

ಅಂಟಲಿ ಎಂದೆ. ಏಳಲಿಲ್ಲ.