ಬಾಯಿಗೆ ಬಾರದ ಹೆಸರು

ಹೊಸ ಲಿನಕ್ಸ್ ಸರ್ವರ್‌ಗೆ ಏನು ಹೆಸರಿಡಲಿ ಎಂದು ಪರದೆ ಕೇಳಿದ್ದೇ ತಪ್ಪಾಯಿತು. ಅಮರಗೋಳದ ಬೀಜದ ವ್ಯಾಪಾರಿಗಳ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಮೈಲಾರಿ ಅಷ್ಟಕ್ಕೇ ಕನಸಿಗೆ ಜಾರಿದ. ಹೋಸ್ಟ್‌ನೇಮ್ ಎಂದರೆ ಹೆಸರು, ಡೊಮೇನ್ ಎಂದರೆ ಅಡ್ಡಹೆಸರು. ಅಡ್ಡಹೆಸರು ‘ಅಮರಗೋಳ’ ಎಂದು ಮಾಲೀಕರೇ ಹೇಳಿಬಿಟ್ಟಿದ್ದರು. ಹೆಸರು ಮಾತ್ರ ಇವನ ಪಾಲಿಗೆ ಉಳಿದಿತ್ತು.

ಶಾಖೆಗಳಲ್ಲಿ ಬಿಲ್ ಆಗಬೇಕಾದರೆ ಅಲ್ಲಿಯವರು ಆ ಹೆಸರನ್ನೇ ಹೊಡೆಯಬೇಕು. ಫೋನು ಮಾಡಿ ಅದನ್ನು ಹೇಳುವವಳು ಎದುರು ಮೇಜಿನ ಸುಮಲತಾ! ಅವಳು ಇವನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಬರೀ ‘ರೀ’ ಎನ್ನುತ್ತಿದ್ದಳು. ಆ ಒಂದು ‘ರೀ’ಯಲ್ಲೇ ಮೈಲಾರಿ ಸಂಸಾರ ಹೂಡಿದ್ದ. ಅವಳ ಬಾಯಲ್ಲಿ ತನ್ನ ಹೆಸರು ಕೇಳಿದ ಮೇಲೆ ಇವತ್ತು ಮನಸ್ಸಿನ ಮಾತು ಹೇಳಿಯೇಬಿಡುವುದೆಂದು ‘ಮೈಲಾರಿ ಡಾಟ್ ಅಮರಗೋಳ’ ಎಂದು ಒತ್ತಿದ.

ಸುಮಲತಾ ಹೆಬ್ಬಳ್ಳಿ ಶಾಖೆಗೆ ಫೋನು ಹಚ್ಚಿದಳು. ಪರದೆಯ ಮೇಲಿನ ಹೆಸರು ನೋಡಿದವಳೇ ಕೆಂಪಾದಳು.

"ಹೊಡೀರಿ... ಎಂ. ಎ. ಐ. ಎಲ್..."

"ಮೇಲ್! ತಿಳೀತು ಬಿಡವಾ" ಎಂದು ಅತ್ತಲಿನವರು ಫೋನು ಇಟ್ಟರು. ಮೇಲ್ ಎಂಬ ಹೆಸರಿನ ಯಂತ್ರ ಎಲ್ಲಿಂದ ಬರಬೇಕು? ಅಮ್ಮಿನಬಾವಿಯವರೂ ಅದನ್ನೇ ಮಾಡಿದರು. ಎರಡೂ ಶಾಖೆಗಳಲ್ಲಿ ಬಿಲ್ ನಿಂತು ರೈತರು ಗದ್ದಲ ಎಬ್ಬಿಸಿದರು.

"ಹೆಸರು ಬಾಯಿ ಬಿಟ್ಟು ಹೇಳಬಾರದೇನವಾ?" ಮಾಲೀಕ ಚನ್ನಯ್ಯನವರು ಒಳಗಿನಿಂದಲೇ ಕೂಗಿದರು.

"ನನ್ನ ಕಡಿಂದ ಆಗಂಗಿಲ್ರಿ" ಎಂದು ಸುಮಲತಾ ತಲೆ ತಗ್ಗಿಸಿದಳು.

ಚಹಾ ತಂದ ಫಕೀರವ್ವ ಮೂಗಿನ ಮೇಲೆ ಬೆರಳಿಟ್ಟಳು. "ಅಷ್ಟೂ ತಿಳೀವಲ್ದೇನ್ರಿ? ಗಂಡ ಆಗಾಂವನ ಹೆಸರು ಹೆಣ್ಮಕ್ಕಳು ಹೇಳ್ತಾರೇನು?"

ಲೆಕ್ಕದ ಶಿದ್ದಪ್ಪ ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. "ಎಲಾ ಮೈಲಾರಿ, ಮುಚ್ಚಿಟ್ಟಿದ್ದೇನಲೇ! ಫೇಡಾ ತರಸು ಲಗೂ!"

ಮೈಲಾರಿ ಫೇಡೆ ತರಿಸಿದ. ಮಾರ್ಕೆಟ್ಟಿನ ಮೆಣಸಿನಕಾಯಿ ಘಾಟು ಅವನ ಮೂಗಿಗೆ ಮಲ್ಲಿಗೆಯಾಗಿ ಬಂತು, ಪ್ರಿಂಟರಿನ ಸದ್ದು ಶಹನಾಯಿಯಾಯಿತು. ಹೆಸರಿಟ್ಟರೆ ಹೆಂಡತಿ ಸಿಗುವ ಸೌಕರ್ಯ ಲಿನಕ್ಸಿನಲ್ಲಿದೆ ಎಂದು ಯಾವ ಮಾಸ್ತರನೂ ಅವನಿಗೆ ಹೇಳಿರಲಿಲ್ಲ. ಎಲ್ಲರೂ ಬಾಯಿ ಸಿಹಿ ಮಾಡಿಕೊಂಡರು.

ಸುಮಲತಾ ಹತ್ತಿರ ಬಂದು ದನಿ ತಗ್ಗಿಸಿದಳು. "ನಿಮಗ ಹ್ಯಾಂಗ ಗೊತ್ತಾತ್ರಿ? ನಿನ್ನೆನ ನನ್ನ ಲಗ್ನ ನಿಶ್ಚಯ ಆಗೇತಿ. ಕುಂದಗೋಳದವರು. ಅವರದೂ ನಿಮ್ಮ ಹೆಸರ ಐತ್ರಿ."

ಮೈಲಾರಿಯ ಕೈಯಲ್ಲಿದ್ದ ಫೇಡೆ ಅಲ್ಲೇ ಉಳಿಯಿತು.

"ಕೈ ಮುಗೀತೇನಿ, ಆ ಕಂಪ್ಯೂಟರ್ ಡಬ್ಬಿಗೆ ಬ್ಯಾರೆ ಹೆಸರಿಡ್ರಿ... ಅಣ್ಣಾ."

ಮೈಲಾರಿ ಹೆಸರು ಬದಲಿಸಲು ಕೂತ. ಸರ್ವರಿನದು ಬದಲಾಗುವ ಮೊದಲೇ ಅವನದು ಬದಲಾಗಿಹೋಗಿತ್ತು.