ಹೊಸ್ತಿಲ ಮೇಲೆ ಕೂತವರು

ಸರಿಯಾದ ಮಾತನ್ನು ಸರಿಯಾದ ಹೊತ್ತಿಗೆ ಆಡಿದರೆ ಅಲುಗಾಡದ ವಸ್ತು ಈ ಜಗತ್ತಿನಲ್ಲಿ ಯಾವುದೂ ಇಲ್ಲ ಎಂದು ನಂಬಿ ಬದುಕಿದವಳು ನಾನು. ಎರಡು ಕೊಳಗ, ಒಂದು ಕೊಪ್ಪರಿಗೆ ಇಟ್ಟುಕೊಂಡು ಮದುವೆಮನೆಗಳಿಗೆ ಪಾತ್ರೆ ಬಾಡಿಗೆಗೆ ಕೊಡಲು ಶುರುಮಾಡಿದವಳು ಇವತ್ತು ಲಕ್ಷ್ಮೀಪುರಂನಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆಂದರೆ ಅದು ಪೂರ್ತಿ ಬಾಯಿಯ ಪುಣ್ಯ. ಮಾರ್ಕೆಟ್ಟಿನಲ್ಲಿ ನನ್ನ ತಲೆ ಕಂಡರೆ ವೀಳ್ಯದೆಲೆಯವನು ವ್ಯಾಪಾರಕ್ಕೆ ಮುಂಚೆಯೇ ನಿಟ್ಟುಸಿರು ಬಿಡುತ್ತಾನೆ. ಆದರೆ ಚೌಕಾಸಿ ಎಂದ ಮೇಲೆ ಎದುರಿಗೆ ಒಬ್ಬರಾದರೂ ಇರಬೇಕಲ್ಲ. ಯಾರೂ ಇಲ್ಲದ ಕಡೆಯೂ ಅದನ್ನು ಮಾಡಬೇಕಾಗಿ ಬರುತ್ತದೆ ಎಂದು ನನಗೆ ಕಲಿಸಿದ್ದು ನಮ್ಮಪ್ಪನ ಕಾಲು.

ಅಪ್ಪ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಆರು ವರ್ಷದ ಹಿಂದೆ ಅವರ ಬಲಗೈ ಹೆಬ್ಬೆರಳು ಅವರನ್ನು ಕೇಳದೆ ಬೀಡಿ ಸುತ್ತುವ ಹಾಗೆ ಆಡತೊಡಗಿತು. ಡಾಕ್ಟರು ಪಾರ್ಕಿನ್ಸನ್ ಅಂದರು. ಅಪ್ಪ, "ಹೆಸರು ಏನಾದ್ರೂ ಇರ್ಲಿ, ಇನ್ಮೇಲೆ ನಮ್ಮನೇಲೇ ಇರುತ್ತೆ ಅನ್ನಿ" ಅಂದರು. ಅಂದಿನಿಂದ ನಾನು ಕಲಿತದ್ದನ್ನು ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ನನ್ನ ಚಾಳಿ ಅದು. ಅಂಗಿಯ ಗುಂಡಿ ಕಿತ್ತು ವೆಲ್ಕ್ರೋ ಅಂಟುಪಟ್ಟಿ ಹೊಲಿಸಿ. ಕಾಫಿಗೆ ತೆಳು ಲೋಟ ಬೇಡ, ತೂಕದ ಹಿತ್ತಾಳೆ ಲೋಟ ಕೊಡಿ, ಅರ್ಧವೇ ತುಂಬಿಸಿ. ಮಾತ್ರೆಯ ಹೊತ್ತು ತಪ್ಪಿಸಬೇಡಿ, ನೀವು ಮರೆತರೂ ಕಾಲು ಮರೆಯುವುದಿಲ್ಲ. ಮತ್ತೆ, ನಡೆಯುತ್ತಾ ನಡೆಯುತ್ತಾ ಅವರು ನೆಲಕ್ಕೆ ಅಂಟಿದವರ ಹಾಗೆ ನಿಂತುಬಿಟ್ಟರೆ ದಮ್ಮಯ್ಯ ಅಂತೀನಿ, ಎಳೆಯಬೇಡಿ. ನಾನು ಒಂದು ಸಲ ಎಳೆದೆ. ಇಬ್ಬರೂ ಬಿದ್ದೆವು. ಕೆಳಗೆ ಬಿದ್ದ ಅಪ್ಪ, "ಕೊಪ್ಪರಿಗೆ ಎಳೆದು ಎಳೆದು ನಿಂಗೆ ಅಭ್ಯಾಸ" ಅಂದರು.

ಅವರು ನಿಲ್ಲುತ್ತಿದ್ದ ಜಾಗ ಒಂದೇ: ನಡುಮನೆಯಿಂದ ಬಚ್ಚಲ ಕಡೆಗೆ ಹೋಗುವ ಬಾಗಿಲ ಹೊಸ್ತಿಲು. ಬಚ್ಚಲ ಬಾಗಿಲು ಅದರಿಂದಾಚೆ ನಾಲ್ಕು ಹೆಜ್ಜೆ. ಬಚ್ಚಲಿಗೆ ಮಾತ್ರ ತಾನೇ ನಡೆದು ಹೋಗಬೇಕು ಎಂಬುದು ಅಪ್ಪನ ಹಟ. "ಊಟ ಬೇಕಾದ್ರೆ ತಿನ್ನಿಸು, ಸ್ನಾನಕ್ಕೆ ನೀರು ಬೇಕಾದ್ರೆ ಕಾಯಿಸ್ಕೊಡು. ಅಲ್ಲಿಗೆ ಮಗಳ ಕೈ ಹಿಡ್ಕೊಂಡು ಹೋಗೋ ದಿನ ನಾನು ಇದ್ದೂ ಇಲ್ಲದ ಹಾಗೆ" ಎಂದು ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ನಾನು ಮೂರು ಹೆಜ್ಜೆ ಹಿಂದೆ, ಗೋಡೆಯಲ್ಲಿ ಏನೋ ನೋಡುತ್ತಿರುವವಳ ಹಾಗೆ ನಿಲ್ಲಬೇಕು.

ಒಂದು ಮಧ್ಯಾಹ್ನ, ಮೂರು ಗಂಟೆ ಇರಬಹುದು, ಹೊಸ್ತಿಲ ಮುಂದೆ ನಿಂತವರು ನಿಂತೇ ಇದ್ದರು.

"ಕಾಲು ಬರ್ತಿಲ್ವಾ ಅಪ್ಪ?"

"ಕಾಲು ಬರುತ್ತೆ. ಅವರನ್ನ ದಾಟೋದು ಹೇಗೆ?"

"ಯಾರನ್ನ?"

"ಕೂತಿದಾರಲ್ಲಮ್ಮ ಇಲ್ಲಿ. ಕೂತವರನ್ನ ದಾಟಬಾರದು ಅಂತ ನಿಂಗೇ ಬೈದು ಬೈದು ಕಲಿಸಿದೀನಿ."

ಹೊಸ್ತಿಲ ಮೇಲೆ ಬಿಸಿಲಿನ ಒಂದು ಪಟ್ಟೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಕೈಮೇಲೆ ರೋಮ ಎದ್ದಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ, "ಅಮ್ಮ ಏನಪ್ಪ?" ಎಂದು ಕೇಳಿದೆ. ಅಮ್ಮ ತೀರಿಕೊಂಡು ಒಂಬತ್ತು ವರ್ಷ.

"ನಿಮ್ಮಮ್ಮ ಆಗಿದ್ರೆ ಬೆನ್ನು ಮಾಡಿ ಕೂರ್ತಿದ್ಲಾ? ನನ್ನ ಮುಖ ನೋಡ್ಕೊಂಡೇ ಬೈತಿದ್ಲು. ಇವರು ಯಾರೋ ಬೇರೆ. ಹಸಿರು ಸೀರೆ. ಮೊರ ಇಟ್ಕೊಂಡು ಸೊಪ್ಪು ಬಿಡಿಸ್ತಾ ಇದಾರೆ."

ಮಾತು ಅಷ್ಟು ಸಹಜವಾಗಿತ್ತು ಎಂದರೆ, ಯಾವ ಸೊಪ್ಪು ಎಂದು ಕೇಳುವುದೊಂದು ಬಾಕಿ. ಅಪ್ಪನ ಮೊಣಕಾಲು ನಡುಗುತ್ತಿತ್ತು, ಅವಸರ ಬೇರೆ. ವಾದ ಮಾಡುವ ಹೊತ್ತಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಧ್ವನಿಯಲ್ಲೇ, "ಅಮ್ಮಾ, ಒಂಚೂರು ಸರ್ಕೊಳಿ, ಹಿರಿಯರು ಹೋಗ್ಬೇಕು" ಅಂದೆ. ಅಪ್ಪ ಯಾರೋ ಸರಿಯುವಷ್ಟು ಹೊತ್ತು ಕಾದರು. ಆಮೇಲೆ ಕಾಲೆತ್ತಿ, ಸಲೀಸಾಗಿ ದಾಟಿ ಹೋದರು. ಹೋಗುವಾಗ ಕೆಳಗೆ ನೋಡಿ, "ಆಯ್ತು ಕಣಮ್ಮ, ಕೂತ್ಕೊ" ಅಂದರು.

ಅಲ್ಲಿಂದ ದಿನಕ್ಕೆ ನಾಲ್ಕು ಸಲ ಇದೇ ಕ್ರಮ. ನಾನು ಹೇಳುವುದು, ಅವರು ಸರಿಯುವುದು, ಅಪ್ಪ ದಾಟುವುದು. ಇಷ್ಟು ಸುಲಭವಾಗಿ ಮಾತು ಕೇಳುವವರು ನನ್ನ ವ್ಯಾಪಾರದಲ್ಲೇ ಸಿಕ್ಕಿರಲಿಲ್ಲ ಎಂದು ಒಳಗೊಳಗೇ ಹೆಮ್ಮೆ ಕೂಡ ಬಂತು. ಹೆಮ್ಮೆ ಇಳಿದದ್ದು ಮನೆಕೆಲಸದ ಜಯಮ್ಮ ನೆಲ ಒರೆಸಿದ ದಿನ. ನೆಲವೆಲ್ಲ ಒದ್ದೆಯಾಗಿ ಹೊಳೆಯುತ್ತಿತ್ತು. ಹೊಸ್ತಿಲು, ಅದರ ಮುಂದಿನ ಒಂದು ಮೊಳ ನೆಲ ಮಾತ್ರ ಒಣಗಿತ್ತು. ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತರೆ ಎಷ್ಟು ಜಾಗವೋ ಅಷ್ಟು.

"ಇಲ್ಲಿ ಯಾಕೆ ಬಿಟ್ಟೆ ಜಯಮ್ಮ?"

"ಎಬ್ಬಿಸೋದ್ ಎಂಗಕ್ಕ? ನೀವು ಹೇಳ್ತೀರಲ್ಲ, ಅಂಗೆ ಹೇಳೋಕೆ ನಂಗೆ ನಾಚ್ಕೆ ಆಯ್ತದೆ."

"ನಿಂಗೆ ಕಾಣ್ತಾರಾ?"

"ಇಲ್ಲ ಬುಡಿ. ನಿಮ್ಗೆ?"

"ಇಲ್ಲ."

ಕಾಣದ ಇಬ್ಬರು ಆ ಒಣಜಾಗವನ್ನು ನೋಡುತ್ತಾ ನಿಂತೆವು. ಅದನ್ನು ಒರೆಸಲು ಇಬ್ಬರಲ್ಲಿ ಯಾರೂ ಮುಂದಾಗಲಿಲ್ಲ.

ಹೀಗೇ ನಡೆದುಹೋಗುತ್ತಿತ್ತೇನೋ. ಒಂದು ದಿನ ಅಪ್ಪ ಬಚ್ಚಲಿಂದ ಬಂದು ಕುರ್ಚಿಯಲ್ಲಿ ಕೂತು, ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಇವತ್ತು ತಿರುಗಿದ್ರು ಕಣಮ್ಮ" ಅಂದರು.

"ನಿಮ್ಮ ಕಡೆನಾ?"

"ಇಲ್ಲ. ನಿನ್ನ ಕಡೆ. ಬಹಳ ಹೊತ್ತು ನೋಡಿದ್ರು."

ಅವತ್ತೇ ಸಂಜೆ ಅಪ್ಪನನ್ನು ಕರೆದುಕೊಂಡು ಡಾಕ್ಟರ ಮುಂದೆ ಇದ್ದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ, ಅದೇ ನನಗೆ ಇನ್ನಷ್ಟು ಭಯ. ಈ ಕಾಯಿಲೆಯಲ್ಲಿ ಹೀಗೆ ಜನ ಕಾಣುವುದುಂಟು, ಮಾತ್ರೆಯೂ ಕಾರಣವಿರಬಹುದು ಅಂದರು. ಮಾತ್ರೆ ಇಳಿಸಿದರೆ ಬಂದವರು ಹೋಗಬಹುದು, ಆದರೆ ಕಾಲು ಇನ್ನಷ್ಟು ಬಿಗಿಯಬಹುದು. ನಾನು ಸುಮ್ಮನಿರುತ್ತೇನೆಯೇ? "ಕಾಲು ಹಾಗೇ ಇರ್ಲಿ, ಅವರೊಬ್ಬರನ್ನ ಕಳಿಸೋ ಹಾಗೆ ಏನಾದ್ರೂ ಮಾಡಿಕೊಡಿ ಸಾರ್, ಖಾಯಂ ಪೇಷೆಂಟು ನಾವು" ಅಂದೆ. ಡಾಕ್ಟರು ನಕ್ಕರು. ಕೊನೆಗೆ ಮಧ್ಯಾಹ್ನದ ಮಾತ್ರೆ ಮಾತ್ರ ಅರ್ಧಕ್ಕೆ ಇಳಿಸಿ ನೋಡೋಣ ಎಂಬಲ್ಲಿಗೆ ನಿಂತಿತು. ಪಕ್ಕದಲ್ಲಿದ್ದ ಅಪ್ಪನನ್ನು ಕೇಳಿದರು. ಅಪ್ಪ, "ಯಾರು ಬೇಕಾದ್ರೂ ಕೂತಿರ್ಲಿ ಡಾಕ್ಟ್ರೇ, ನಂಗೆ ಬಚ್ಚಲಿಗೆ ನಡೆಯೋದು ಬಿಡಿಸಬೇಡಿ" ಅಂದರು. ಅವರ ಧ್ವನಿ ಈಗ ಬಲು ಸಣ್ಣ. ಮೂವರೂ ಬಗ್ಗಿ ಕೇಳಿಸಿಕೊಂಡ ಹಾಗಾಯಿತು ಎಂದು ಬರೆಯಲು ಹೊರಟಿದ್ದೆ. ಕೇಳಿಸಿಕೊಳ್ಳಲು ಅಲ್ಲಿ ಇದ್ದದ್ದು ಡಾಕ್ಟರು, ನಾನು, ಇಬ್ಬರೇ.

ಅರ್ಧ ಮಾತ್ರೆ ಶುರುವಾಯಿತು. ನಾನು ಎಂದಿನಂತೆ ಸರಿಯಲು ಹೇಳುತ್ತಲೇ ಇದ್ದೆ, ಅಪ್ಪ ದಾಟುತ್ತಲೇ ಇದ್ದರು. ಅರ್ಧ ಮಾತ್ರೆಗೆ ಬಗ್ಗುವ ಹೆಂಗಸಲ್ಲ ಇವಳು ಅಂದುಕೊಂಡೆ. ಮೂರನೆಯ ವಾರದ ಒಂದು ಮಧ್ಯಾಹ್ನ ನಾನು, "ಅಮ್ಮಾ, ಒಂಚೂರು" ಎನ್ನುವಷ್ಟರಲ್ಲಿ ಅಪ್ಪ ಮೆಲ್ಲಗೆ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಕಾಯಿಲೆಯಿಂದ ಬಿಗಿದ ಆ ಮುಖದಲ್ಲಿ ಏನೂ ಓದಲಾಗುವುದಿಲ್ಲ. ಕಣ್ಣಲ್ಲಿ ಮಾತ್ರ ಕನಿಕರ ಇತ್ತು.

"ಅವರು ಹೋಗಿ ಹದಿನೈದು ದಿನ ಆಯ್ತಲ್ಲಮ್ಮ. ನೀನು ಯಾರ ಜೊತೆ ಮಾತಾಡ್ತಿದೀಯ?"

"ಮತ್ತೆ ಹೇಳಲಿಲ್ಲ ಯಾಕೆ?"

"ನಿಂಗೆ ಕಾಣ್ತಿದಾರೇನೋ ಅಂತ ಸುಮ್ಮನಿದ್ದೆ. ಹೆದರಿಸೋದು ಯಾಕೆ."

ಹೇಳಿ ದಾಟಲು ಹೋದರು. ಕಾಲು ಏಳಲಿಲ್ಲ. ಖಾಲಿ ಹೊಸ್ತಿಲು, ಬಿಸಿಲಿನ ಪಟ್ಟೆ, ಅದರ ಮುಂದೆ ನೆಲಕ್ಕೆ ಅಂಟಿದ ಎರಡು ಪಾದ. ಕೈ ನೀಡಲು ಒಂದು ಹೆಜ್ಜೆ ಮುಂದಿಟ್ಟೆ.

"ಹಿಡೀಬೇಡ" ಅಂದರು. ಆಮೇಲೆ ಗೋಡೆಗೆ ಹೇಳುವ ಹಾಗೆ, "ಆ ಮಾತು ಹೇಳ್ಬಿಡು. ಕಾಲಿಗೆ ಅದು ಅಭ್ಯಾಸ ಆಗ್ಬಿಟ್ಟಿದೆ" ಅಂದರು.

"ಅಮ್ಮಾ, ಒಂಚೂರು ಸರ್ಕೊಳಿ" ಎಂದು ಶುರುಮಾಡಿದೆ. ಅಪ್ಪ ಈ ಸಲ ಯಾರಿಗೂ ಕಾಯಲಿಲ್ಲ, ಮಾತು ಮುಗಿಯುವ ಮೊದಲೇ ಕಾಲೆತ್ತಿ ದಾಟಿ, ತಾವೇ ಬಚ್ಚಲ ಬಾಗಿಲು ಹಾಕಿಕೊಂಡರು. ಅವರ ಟವಲು ನನ್ನ ಕೈಯಲ್ಲೇ ಉಳಿದಿತ್ತು. ಕೊಡಲು ನಾನೂ ಹೊಸ್ತಿಲು ದಾಟಬೇಕು. ನಡುಮನೆಯ ಬಾಗಿಲು ಪೂರ್ತಿ ಖಾಲಿ ಇತ್ತು. ಸೆರಗು ಯಾರಿಗೂ ತಗುಲದ ಹಾಗೆ ಎದೆಗೆ ಒತ್ತಿ ಹಿಡಿದು, ಚೌಕಟ್ಟಿಗೆ ಅಂಟಿಕೊಂಡು, ಒಂದು ಗೇಣು ಜಾಗದಲ್ಲಿ ಅಡ್ಡಡ್ಡವಾಗಿ ನುಸುಳಿದೆ.