ಮಾಸ್ಕಿನ ತೂತು ಮತ್ತು ಕಸಿ ಟೇಪು

ಬೆಳಗಿನ ಐದೂವರೆಯೊಳಗೆ ನಾನು ಮುಗಿಸಿದ ಕೆಲಸಗಳು ಇವು: ಒಲೆ ಹೊತ್ತಿಸಿ ಹಂಡೆಗೆ ನೀರು ತುಂಬಿದ್ದು, ಹಾಲು ಕರೆದದ್ದು, ಅಕ್ಕಿರೊಟ್ಟಿ ತಟ್ಟಿದ್ದು, ಕೋಳಿಗೂಡು ತೆರೆದದ್ದು, ಗಂಡನ ಲುಂಗಿ, ಟವೆಲ್, ಸ್ಕ್ಯಾನಿಂಗ್ ಫೈಲು ಚೀಲಕ್ಕೆ ತುಂಬಿದ್ದು, ಅವರ ಮುಖದಿಂದ ಮಾಸ್ಕ್ ಬಿಚ್ಚಿ, ತೊಳೆದು, ಉಸಿರಾಟದ ಮಷಿನ್ ಸಮೇತ ಪೆಟ್ಟಿಗೆಗೆ ಹಾಕಿದ್ದು. ಇದೇ ಅವಧಿಯಲ್ಲಿ ನನ್ನ ಗಂಡ ಚನ್ನಕೇಶವ ಅವರು ಮಾಡಿದ ಕೆಲಸ ಒಂದೇ: ಉಸಿರಾಡಿದ್ದು. ಅದರಲ್ಲೂ ಅರ್ಧ ಮಷಿನ್ನಿನದು!

ಅವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಅದಕ್ಕೆಂದೇ ಮೂಗಿಗೆ ಗಾಳಿ ಒತ್ತುವ ಈ ಪುಟ್ಟ ಯಂತ್ರ. ಆರು ವರ್ಷದಿಂದ ಅದರ ಅಭಿಷೇಕ, ಅಲಂಕಾರ, ಶಯನೋತ್ಸವ ಎಲ್ಲಕ್ಕೂ ಅರ್ಚಕಿ ನಾನೇ. ಈಗ ಹರ್ನಿಯಾ ಆಪರೇಷನ್ನಿಗೆ ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಬೇಕಿತ್ತು. ಮಷಿನ್ ಜೊತೆಗೇ ತನ್ನಿ ಎಂದಿದ್ದರು ಡಾಕ್ಟರು. ನಾನು ಘೋರ ಪ್ರತಿಜ್ಞೆ ಮಾಡಿದೆ: ಗಂಡ, ಮಷಿನ್ ಎರಡನ್ನೂ ಒಪ್ಪಿಸಿ, ಸಂಜೆ ಬಸ್ಸಿಗೆ ನಮ್ಮೂರು ವಸ್ತಾರೆಗೆ ಮರಳಿ, ಎರಡು ರಾತ್ರಿ ಹಾಸಿಗೆಯ ನಟ್ಟನಡುವೆ ಕೈಕಾಲು ಚಾಚಿ ಒಬ್ಬಳೇ ಮಲಗುತ್ತೇನೆ! ಅದಕ್ಕೆ ಮೊದಲು ಮಷಿನ್ನಿಗೆ ಆಸ್ಪತ್ರೆಯವರ ತಪಾಸಣೆಯೋ? ನಾನು ನೋಡಿಕೊಂಡ ಮಷಿನ್, ನೂರಕ್ಕೆ ನೂರು, ಖಂಡಿತ!

ಮನೆಯಿಂದ ತಂದ ಮಷಿನ್ ಪರೀಕ್ಷಿಸುವ ಹುಡುಗಿಯ ಹೆಸರು ಧನ್ಯಾ. ಪ್ಲಗ್ಗು ನೋಡಿದಳು. ವೈರನ್ನು ಇಂಚಿಂಚಾಗಿ ಸವರಿದಳು. ನೀರಿನ ಡಬ್ಬಿಯನ್ನು ಬೆಳಕಿಗೆ ಹಿಡಿದಳು.

"ತುಂಬಾ ಚೆನ್ನಾಗಿ ಇಟ್ಕೊಂಡಿದೀರಿ, ಸರ್."

"ನಾನು ಹಂಗೇನಮ್ಮ," ಎಂದರು ನನ್ನ ಗಂಡ, ಮೀಸೆ ತಿರುವಿ. "ಮಷಿನ್ ವಿಷಯದಲ್ಲಿ ನಾನು ಬಹಳ ಸ್ಟ್ರಿಕ್ಟು."

ಧನ್ಯಾ ಮಾಸ್ಕ್ ಎತ್ತಿಕೊಂಡಳು. ಅವಳ ಮುಖ ಬಾಡಿತು.

"ಇದೇನು ಸರ್, ಹಸಿರು ಪಟ್ಟಿ?"

"ಅದು ಇವಳ ಕೆಲಸ!" ಎಂದರು, ಕಣ್ಣು ಮಿಟುಕಿಸುವಷ್ಟು ಹೊತ್ತೂ ತೆಗೆದುಕೊಳ್ಳದೆ.

ಹೌದು, ನನ್ನದೇ ಕೆಲಸ. ಹದಿನೈದು ದಿನದ ಹಿಂದೆ ಮಾಸ್ಕಿನ ಮುಂಭಾಗದಲ್ಲಿ ಸಣ್ಣ ತೂತುಗಳಿಂದ ಗಾಳಿ ಬುಸುಗುಡುವುದು ಕಂಡಿತ್ತು. ಲೀಕು! ಮೆಣಸಿನ ಬಳ್ಳಿಗೆ ಕಸಿ ಕಟ್ಟುವುದರಲ್ಲಿ ನಮ್ಮ ಕಡೆ ನನ್ನ ಕೈಗೆ ಸಾಟಿಯಿಲ್ಲ. ಅದೇ ಕಸಿ ಟೇಪನ್ನು ಎಳೆದೆಳೆದು, ಹನಿ ನೀರೂ ನುಗ್ಗದಂತೆ ಸುತ್ತಿದ್ದೆ.

"ಮೇಡಂ, ಅದು ಲೀಕಲ್ಲ. ಬಿಟ್ಟ ಉಸಿರು ಹೊರಗೆ ಹೋಗೋಕೆ ಬಿಟ್ಟಿರೋ ತೂತು. ಇಷ್ಟು ದಿನ ಸರ್ ಬಿಟ್ಟ ಉಸಿರನ್ನೇ ವಾಪಸ್ ತಗೊಳ್ತಾ ಇದ್ರು! ಬೆಳಿಗ್ಗೆ ತಲೆನೋವು ಬರ್ತಿರಲಿಲ್ವ?"

ಬರುತ್ತಿತ್ತು. ಮೊಬೈಲ್ ನೋಡುವುದು ಕಡಿಮೆ ಮಾಡಿ ಎಂದು ನಾನೇ ಗದರಿದ್ದೆ. ಮದುವೆಯಾದಾಗಿನಿಂದ ಆಡಿದ ಒಂದು ಮಾತನ್ನೂ ವಾಪಸ್ ತೆಗೆದುಕೊಳ್ಳದ ಮನುಷ್ಯನ ಕೈಯಲ್ಲಿ ನಾನು ಉಸಿರನ್ನೇ ವಾಪಸ್ ತೆಗೆಸಿದ್ದೆ! ನಗು ಬಂತು, ಮರುಕ್ಷಣ ಧನ್ಯಾಳ ಕೈಯಿಂದ ಮಾಸ್ಕ್ ಕಿತ್ತುಕೊಂಡು ಟೇಪು ಬಿಚ್ಚತೊಡಗಿದೆ.

"ಕೇಳಿದೆಯಾ ಮಾರಾಯ್ತಿ? ನನ್ನ ಜೀವನೇ ತೆಗೀತಿದ್ದೆಯಲ್ಲೇ!"

"ಸರ್," ಎಂದಳು ಧನ್ಯಾ, "ಇದ್ದದ್ದು ನಿಮ್ಮ ಮೂಗಿನ ಮೇಲೆ. ಹದಿನೈದು ದಿನ ನೀವೊಮ್ಮೆಯೂ ನೋಡ್ಲಿಲ್ವ?"

ಅವರು ಫ್ಯಾನು ನೋಡಿದರು.

ಹಳೆಯ ಮಾಸ್ಕ್ ಕಸದ ಬುಟ್ಟಿಗೆ ಹೋಯಿತು. ಹೊಸದು ಬಂತು. ಮಷಿನ್ ಪಾಸು! ಅರ್ಚಕಿ ಮಾತ್ರ ಫೇಲು. ಅಷ್ಟರಲ್ಲಿ ಧನ್ಯಾ ಒಂದು ಫಾರಂ ತೆಗೆದಳು.

"ವಾರ್ಡಲ್ಲಿ ಇದನ್ನ ಯಾರು ನಡೆಸ್ತಾರೆ? ನರ್ಸ್ ಇರ್ತಾರೆ, ಆದ್ರೆ ಹಾಕೋದು, ತೆಗೆಯೋದು ಮನೆಯವರಿಗೇ ಬರಬೇಕು. ಸರ್ ಕಲಿತ್ರೆ ಸರ್ ಹೆಸರು. ಇಲ್ಲಾಂದ್ರೆ ಮೇಡಂ ಎರಡು ರಾತ್ರೀನೂ ಇಲ್ಲೇ."

"ನಂಗೆ ಅದೆಲ್ಲ ಎಲ್ಲಿ ಬರುತ್ತೆ? ಯಶೋದಾ ಇರ್ತಾಳೆ," ಎಂದರು ನನ್ನತ್ತ ಕೈ ತೋರಿಸಿ.

ರೋಗಿಯ ಜೊತೆಗಿರುವವರು ಮಲಗಬೇಕಾದ ಬೆಂಚನ್ನು ನೋಡಿದೆ. ಅಗಲ ಒಂದು ಅಡಿ. ಮಧ್ಯಕ್ಕೊಂದು ಕಬ್ಬಿಣದ ಕೈ ಬೇರೆ! ಎದೆ ಗಟ್ಟಿ ಮಾಡಿಕೊಂಡೆ.

"ಕಾಫಿಹಣ್ಣು ಸುಲಿಯೋ ಪಲ್ಪರ್ ಮಷಿನ್ ಪೂರ್ತಿ ಬಿಚ್ಚಿ ಜೋಡಿಸ್ತೀರಲ್ಲ ರೀ? ಅದಕ್ಕೆ ನಲವತ್ತು ಬೋಲ್ಟು. ಇದಕ್ಕೆ ಒಂದು ಗುಂಡಿ, ಎರಡು ಪಟ್ಟಿ. ಕಲೀರಿ."

ಕಲಿತರು. ನಾಲ್ಕೇ ನಿಮಿಷ! ಹಾಕಿದರು, ತೆಗೆದರು, ಕಣ್ಣು ಮುಚ್ಚಿಕೊಂಡೂ ಹಾಕಿ ತೋರಿಸಿದರು. ಆಮೇಲೆ ನನ್ನತ್ತ ತಿರುಗಿ, "ಇಷ್ಟೇನಾ? ಇದಕ್ಕಾ ನೀನು ಆರು ವರ್ಷ ಗೊಣಗಿದ್ದು?" ಎಂದರು.

ನನಗೆ ಖುಷಿಯಾಗಬೇಕಿತ್ತು. ಆಗಿದ್ದು ಹೊಟ್ಟೆಕಿಚ್ಚು! ನಾನಿಲ್ಲದೆ ಈ ಮನುಷ್ಯನ ಉಸಿರೂ ಓಡದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆ ಬಿರುದು ನಾಲ್ಕು ನಿಮಿಷದಲ್ಲಿ ಕೈಬಿಟ್ಟುಹೋಗಿತ್ತು. ಕಲಿಸುವುದಕ್ಕೆ ಆರು ವರ್ಷದಲ್ಲಿ ನಾಲ್ಕು ನಿಮಿಷ ನನಗೂ ಸಿಕ್ಕಿರಲಿಲ್ಲವೆ? ಕೇಳಿದವರಿಲ್ಲ ನಿಜ, ಕಲಿಸಿದವರೂ ಇಲ್ಲ.

ಅವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದರು. "ಹೆಸರು ತುಂಬಿಡಿ ಮೇಡಂ, ಬಂದೆ," ಎಂದು ಧನ್ಯಾ ಪೆನ್ನು ಕೊಟ್ಟು ಪಕ್ಕದ ವಾರ್ಡಿಗೆ ನಡೆದಳು. ನಾನು, ಫಾರಂ, ಬೆಂಚು ಮೂವರೇ ಉಳಿದೆವು.

'ಮಷಿನ್ ನಡೆಸುವವರು' ಎಂಬ ಗೆರೆಯ ಮುಂದೆ ಬರೆದೆ. ಬರೆದಾದ ಮೇಲೆ ಓದಿದೆ. ಯಶೋದಾ ಎಂದಿತ್ತು! ನನ್ನನ್ನು ಒಂದು ಮಾತೂ ಕೇಳದೆ ಕೈ ತಾನೇ ಬರೆದುಬಿಟ್ಟಿತ್ತು. ಮನೆಯಲ್ಲಿ ಇಷ್ಟು ವರ್ಷ ನನ್ನನ್ನು ಕೇಳದೆ ಕೆಲಸ ಹಚ್ಚುತ್ತಿದ್ದವರು ಯಾರೆಂದು ಆಗ ಗೊತ್ತಾಯಿತು.

ಆ ಕಡೆ, ಈ ಕಡೆ ನೋಡಿದೆ. ಯಾರೂ ಇರಲಿಲ್ಲ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಚನ್ನಕೇಶವ' ಎಂದು ಬರೆದು, ಸಂಜೆ ಬಸ್ಸಿಗೆ ಹೊರಡಲು ನನ್ನ ಕೈಚೀಲ ಹೆಗಲಿಗೇರಿಸಿದೆ.